ವಾಸನೆಯಿಲ್ಲದ ಬಣ್ಣ

ಖಾನಾಪುರದ ಒಂದು ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಥರ್ಮಾಕೋಲಿನ ಆನೆ ಮಾಡಿದ್ದೆ. ಎಣ್ಣೆ ಬಣ್ಣ ತಾಗಿದರೆ ಥರ್ಮಾಕೋಲು ಕರಗುತ್ತದೆ. ಅದಕ್ಕೇ ಬಡಗಿಗಳ ಬಿಳಿ ಗೋಂದು ಬಳಿದು, ಅದರ ಮೇಲೆ ಬೆಳಗಾವಿಯಿಂದ ತಂದ, ನೀರಿನಲ್ಲಿ ಕಲಸುವ ಬಣ್ಣವನ್ನು ಮೂರು ಸಲ ಹಚ್ಚಿದೆ. ಪಕ್ಕದ ಕೋಣೆಯಲ್ಲಿ ಪಾಠ ನಡೆದಿತ್ತು. ಯಾರಿಗೂ ವಾಸನೆ ಹತ್ತಲಿಲ್ಲ.

ಅದೇ ತಪ್ಪಾಯಿತು. ಹೆಡ್‌ಮಾಸ್ತರರು ಬಂದು ಆನೆಯ ಹೊಟ್ಟೆ ಮೂಸಿದರು.

"ವಾಸನೀನ ಇಲ್ಲಲ್ರೀ. ನಮ್ಮ ಮನಿ ಬಾಗಲಕ್ಕ ಬಣ್ಣಾ ಹಚ್ಚಿದಾಗ ಎಂಟ ದಿನ ತಲಿ ನೋಯ್ತಿತ್ತು. ಇನ್ನೂ ಗಟ್ಟಿ ಐತಿ."

"ಸರ್, ಅದನ್ನ ಹಚ್ಚಿದ್ರ ಆನಿ ಕರಗತೈತ್ರಿ."

"ಆನಿ ಎಲ್ಲರೆ ಕರಗತೈತೇನ್ರಿ? ಮನ್ಯಾಗ ಅರ್ಧಾ ಡಬ್ಬಿ ಉಳದೈತಿ. ನಾಳೆ ನಾನ ಒಂದ ಕೈ ಹೊಡಿತೀನಿ."

ಹದಿನೈದು ದಿನದ ಕೆಲಸ ಅರ್ಧ ಡಬ್ಬಿಯಲ್ಲಿ ಮುಗಿಯುವುದಿತ್ತು. ಮರುದಿನ ಅವರಿಗಿಂತ ಮೊದಲೇ ಹೋಗಿ, ಒಂದು ಚಿಂದಿ ಬಟ್ಟೆಯನ್ನು ಎಣ್ಣೆ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನಿನಲ್ಲಿ ಅದ್ದಿ, ಆನೆಗೆ ತಾಗದಂತೆ ಕಿಟಕಿಗೆ ನೇತುಹಾಕಿದೆ. ಡಬ್ಬಿ ಹಿಡಿದು ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು.

"ಹಾಂ, ಈಗ ಖರೇ ಬಣ್ಣಾ ಹಚ್ಚೀರಿ ನೋಡ್ರಿ" ಎಂದು ಡಬ್ಬಿಯೊಂದಿಗೆ ಹಾಗೇ ತಿರುಗಿದರು.

ಆನೆ ಎರಡು ವರ್ಷ ವೇದಿಕೆ ಏರಿತು. ನನ್ನ ಕೆಲಸ ಹೇಗೆಂದು ಯಾರು ಕೇಳಿದರೂ ಅವರು ಮನಸಾರೆ ಹೇಳುತ್ತಿದ್ದರಂತೆ: "ಬಾಜೂಕ ನಿಂದರಾಕ ಆಗಂಗಿಲ್ಲ, ಅಷ್ಟ ಛಲೋ ಮಾಡ್ತಾರ."