ಕೈ ಎತ್ತಿ ಬೇಡವೆಂದ ಚುನಾವಣೆ

ಭಾನುವಾರ ಬಂತೆಂದರೆ ನನಗೆ ಬಸ್ಸಿನ ಚಿಂತೆ. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಕೆಟ್ಟು ನಿಂತರೆ ಹುಡುಗರು ಕಾದು ಕಾದು ಹೋಗಿಬಿಡುತ್ತಾರೆಂಬ ಚಿಂತೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಹುಡುಗರೇ ಬಂದಿರಲಿಕ್ಕಿಲ್ಲವೆಂಬ ಚಿಂತೆ. ಎರಡೂ ಸರಿಹೋದ ದಿನ, ಇನ್ನೇನೋ ಕಾದಿದೆ ಎಂಬ ಚಿಂತೆ. ಎಂಬತ್ತರ ದಶಕದಲ್ಲಿ ಮಂಡಲ ಪಂಚಾಯಿತಿಗಳು ಬರುತ್ತವೆ, ಹದಿನೆಂಟು ತುಂಬಿದವರೂ ಅಲ್ಲಿ ಮತ ಹಾಕಬಹುದು ಎಂದು ಸುದ್ದಿಯಾದಾಗ, ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುತ್ತಿದ್ದ ನಾನು ಲಕ್ಷ್ಮೇಶ್ವರದ ಗೆಳೆಯರೊಬ್ಬರ ಖಾಲಿ ಹತ್ತಿ ಗೋದಾಮಿನಲ್ಲಿ ಯುವಕರಿಗೆ ಭಾನುವಾರದ ವರ್ಗ ಶುರುಮಾಡಿದೆ. ಪ್ರಜಾಪ್ರಭುತ್ವಕ್ಕೆ ಜನರನ್ನು ತಯಾರು ಮಾಡುತ್ತೇನೆ ಎಂದು ಹೆಂಡತಿಗೆ ಹೇಳಿದೆ.

"ಮನಿಯೊಳಗ ಒಂದ ಮಾತು ಖಡಾಖಡಿ ಹೇಳಾಕ ಬರೂದಿಲ್ಲ, ಮಂದಿಗೆ ಮಾತಾಡಾಕ ಕಲಸ್ತಾರಂತ," ಎನ್ನುತ್ತ ಅವಳು ಬುತ್ತಿ ಕಟ್ಟಿಕೊಟ್ಟಳು.

ಮುಖ್ಯ ಪಾಠ, ಸಭೆ ಹೇಗೆ ನಡೆಸಬೇಕೆಂಬುದು. ನಮ್ಮ ಕಡೆಯ ಸಭೆ ಎಂದರೆ ಹಿರಿಯರು ಮಾತಾಡುವುದು, ಉಳಿದವರು ಎಲೆಅಡಿಕೆ ಮೆಲ್ಲುತ್ತ ಹೂಂ ಅನ್ನುವುದು. ಅದನ್ನು ಮುರಿಯಲೆಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಯಾರೇ ಇರಲಿ ಐದೇ ನಿಮಿಷ. ಮುಗಿದೊಡನೆ ಅಧ್ಯಕ್ಷ ಚಮಚದಿಂದ ಲೋಟ ಬಡಿಯಬೇಕು. ಎದುರಿನವರ ಮಾತು ಪೂರ್ತಿ ಕೇಳಬೇಕು. ಕೊನೆಗೆ ಕೈ ಎತ್ತಿಸಬೇಕು, ಸೋತವರು ಮುಖ ಗಂಟಿಕ್ಕದೆ ಬಹುಮತಕ್ಕೆ ತಲೆಬಾಗಬೇಕು. ಈ ಕೊನೆಯ ಮಾತನ್ನು ನಾನು ಬಾಯಿ ತೆರೆಯುವ ಮೊದಲೇ ಹುಡುಗರು ರಾಗವಾಗಿ ಹೇಳಿ ಮುಗಿಸುತ್ತಿದ್ದರು.

ವರ್ಗಕ್ಕೆ ಬರುತ್ತಿದ್ದವಳು ಒಬ್ಬಳೇ ಹುಡುಗಿ, ಶಿಗ್ಲಿ ದಾರಿಯ ಒಂದು ಸಣ್ಣ ಹಳ್ಳಿಯ ದರ್ಜಿಯ ಮಗಳು. ಆ ಊರ ಹೆಂಗಸರು ಬಯಲಕಡೆಗೆ ಹೋಗುತ್ತಿದ್ದ ಜಾಲಿಗಿಡಗಳ ಮರೆಯನ್ನು ಗೌಡರ ಮನೆಯವರು ಕಡಿಸಿ, ಬಣವೆ ಒಟ್ಟಿದ್ದರು. ಹೆಂಗಸರು ಕತ್ತಲಾಗುವವರೆಗೆ ಕಾಯಬೇಕು. ಅಲ್ಲೊಂದು ಮರೆಗೋಡೆ ಆಗಬೇಕು ಎಂಬುದೇ ಅವಳ ಭಾಷಣ. ಆದರೆ 'ಬಯಲಕಡೆ' ಎಂಬ ಶಬ್ದ ಗಂಡುಹುಡುಗರ ಮುಂದೆ ಅವಳ ಬಾಯಿಂದ ಹೊರಡಲೊಲ್ಲದು. ಕೆಲವು ಭಾನುವಾರ ಅಲ್ಲಿಯವರೆಗೆ ಬಂದು ಕೂತುಬಿಟ್ಟಳು. ಕಿಸಕ್ಕೆಂದವರನ್ನು ಅವಳದೇ ಊರಿನ ಒಬ್ಬ ಚುರುಕು ಹುಡುಗ ಗದರಿಸಿದ: "ನಿಮ್ಮವ್ವ ಹೋಗೂದಿಲ್ಲೇನಲೇ?" ಆಮೇಲೆ ಅವಳು ಹೇಳಿದಳು.

ಚುನಾವಣೆ ಗೊತ್ತಾದಾಗ, ಮಹಿಳೆಯರಿಗೆ ಮೀಸಲಾದ ಆ ಊರಿನ ಒಂದೇ ಸ್ಥಾನಕ್ಕೆ ಅವಳು ನಾಮಪತ್ರ ಹಾಕಿದಳು. ಎದುರಿಗೆ ಗೌಡರ ಸೊಸೆ. ಇಬ್ಬರೇ. ನನಗೆ ಅನ್ನ ಸೇರದಾಯಿತು. ಅವಳು ಸೋತರೆ ಹೇಗೆ, ಗೆದ್ದರೆ ಇನ್ನೂ ಹೇಗೆ ಎಂದು ಎರಡೂ ಕಡೆಯಿಂದ ಚಿಂತೆ ಮಾಡಿದೆ.

ಮುಂದಿನ ಭಾನುವಾರ ಆ ಚುರುಕು ಹುಡುಗ ಹಿಗ್ಗಿನಿಂದ ಬಂದ. "ಸರ್ರ, ಬುಧವಾರ ನಮ್ಮೂರ ಚಾವಡ್ಯಾಗ ಸಭಾ ಐತ್ರಿ. ನಾನ ಅಧ್ಯಕ್ಷ. ಹಿರ್ಯಾರು ಒಪ್ಯಾರ. ನೀವು ಬರಾಕಬೇಕು."

ಹಿರಿಯರು ಹುಡುಗನೊಬ್ಬನನ್ನು ಅಧ್ಯಕ್ಷನಾಗಿ ಒಪ್ಪಿದ್ದಾರೆ! ನನ್ನ ಜನ್ಮ ಸಾರ್ಥಕವಾಯಿತೆಂದು ಹೋದೆ. ಅಲ್ಲಿ ಮುಟ್ಟಿದ ಮೇಲೆ ವಿಷಯ ತಿಳಿಯಿತು: ಚುನಾವಣೆ ಬೇಕೋ, ಇಲ್ಲಾ ಅವಳು ಹಿಂದೆ ಸರಿದು ಗೌಡರ ಸೊಸೆಯೇ ಅವಿರೋಧವಾಗಿ ಆರಿಸಿಬರಬೇಕೋ.

ಅವಳು ಮೊದಲು ಮಾತಾಡಿದಳು. ಬಯಲಕಡೆ ಎಂದು ಸ್ಪಷ್ಟವಾಗಿ ಹೇಳಿದಳು. ಗಂಡಸರೆಲ್ಲ ನೆಲ ನೋಡಿದರು. ಒಬ್ಬ ಮುದುಕ, "ಹುಡುಗಿ ಖರೆ ಹೇಳ್ತೈತಿ," ಎಂದ. ಆಮೇಲೆ ಗೌಡರು ಎದ್ದರು. "ಗ್ವಾಡಿ ಕಟ್ಟಸೂದು ನನ್ನ ಕಡಿ ಇರ್ಲಿ. ಅಷ್ಟಕ್ಕ ಊರು ಯಾಕ ಒಡೀಬೇಕವಾ? ನಮ್ಮ ಅಜ್ಜಾರ ಕಾಲದಾಗ—" ಎನ್ನುವಷ್ಟರಲ್ಲಿ ಹುಡುಗ ಲೋಟ ಬಡಿದ. ಗೌಡರು ನಕ್ಕು ಕೂತರು. ನನಗೆ ಆ ಗಳಿಗೆಯಲ್ಲೂ ಅಭಿಮಾನ ಉಕ್ಕಿತೆಂಬುದನ್ನು ಏನೆನ್ನಲಿ.

ನಾನು ಎದ್ದೆ. ವೋಟು ಹಾಕುವುದೇ ಬೇಡವೆಂದು ವೋಟು ಹಾಕಲು ಬರುವುದಿಲ್ಲ, ಇದು ಕೈ ಎತ್ತಿ ತೀರ್ಮಾನಿಸುವ ಮಾತೇ ಅಲ್ಲ ಎಂದು ಹೇಳಬೇಕಾಗಿತ್ತು. ಮಾಸ್ತರನಲ್ಲವೇ, ಸಂವಿಧಾನದಿಂದ ಶುರುಮಾಡಿದೆ. ನಡುವೆ ಬ್ರಿಟಿಷರೂ ಬಂದರು. ಮುಖ್ಯ ಮಾತಿಗೆ ಬರುವಷ್ಟರಲ್ಲಿ ಲೋಟ ಸದ್ದಾಯಿತು.

"ಗೌಡ್ರ ಕುಂತಾರಂದ್ರ ನೀವೂ ಕುಂಡ್ರಬೇಕಾಗತೈತ್ರಿ ಸರ್ರ," ಎಂದ ಹುಡುಗ, ಬಹಳ ಮರ್ಯಾದೆಯಿಂದ. ಸಭೆಗೆ ಸಭೆಯೇ ನಕ್ಕಿತು.

ಚುನಾವಣೆ ಬೇಡವೆನ್ನುವವರ ಕೈ ಎತ್ತಿಸಿದರು. ಹೆಂಗಸರನ್ನೂ ಕೇಳಬೇಕೆಂದು ನಾನೇ ಕಲಿಸಿದ್ದೆನಾದ್ದರಿಂದ ಹೊರಗೆ ಗೋಡೆಗೆ ಒತ್ತಿ ನಿಂತವರನ್ನೂ ಕೇಳಿದರು. ಅವರು ಒಳಗೆ ಇಣುಕಿ, ತಮ್ಮ ತಮ್ಮ ಗಂಡಂದಿರ ಕೈ ಮೇಲಿದ್ದುದನ್ನು ನೋಡಿ, ಸೆರಗು ಸರಿಮಾಡಿಕೊಂಡು ಕೈ ಎತ್ತಿದರು. ವರ್ಗಕ್ಕೆ ಬರುತ್ತಿದ್ದ ಆ ಊರಿನ ಹುಡುಗರೂ ಎತ್ತಿದರು. ಎಲ್ಲರಿಗಿಂತ ಕೊನೆಗೆ ಅವಳ ತಂದೆಯ ಕೈ ಎದ್ದಿತು, ಅಂಗಿಯ ಅಳತೆ ಕೊಡುವವನಂತೆ ಅರ್ಧ. ವಿರುದ್ಧ ಇದ್ದವರು? ಅವಳೊಬ್ಬಳು.

ಎಲ್ಲರೂ ಅವಳನ್ನು ನೋಡಿದರು. ಅವಳು ಮುಖ ಗಂಟಿಕ್ಕಲಿಲ್ಲ. "ಆತ್ರಿ," ಎಂದಳು. ವಂದನಾರ್ಪಣೆ ಆಯಿತು, ಚಹಾ ಬಂತು.

ಹೊರಗೆ ಹುಡುಗನನ್ನು ಹಿಡಿದು ನಿಲ್ಲಿಸಿದೆ. "ನೀನೂ ಕೈ ಎತ್ತಿದೆಯೇನಲೇ?"

"ಅಧ್ಯಕ್ಷ ಎತ್ತಬಾರದಂತ ನೀವ ಹೇಳಿದ್ರಲ್ರಿ."

"ಎತ್ತೂ ಹಂಗಿದ್ರ?"

ಅವನು ಚಮಚ ಒರೆಸಿ ಜೇಬಿಗಿಟ್ಟ. "ಹಿಂದಿನ ಚುನಾವಣ್ಯಾಗ ಊರು ಎರಡಾತ್ರಿ ಸರ್ರ. ನಮ್ಮಜ್ಜ ಸತ್ತಾಗ ಹೆಣಕ್ಕ ಹೆಗಲ ಕೊಡಾಕ ಆ ಕಡೆ ಮಂದಿ ಬರಲಿಲ್ಲ. ಮತ್ತೊಮ್ಮೆ ಹಂಗ ಆಗೂದು ಬ್ಯಾಡ್ರಿ."

ಗೋಡೆಯ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕಲ್ಲೇನೋ ಬಂದವು. ಗೌಡರ ರಾಶಿ ಕಣದ ಸುತ್ತ ಗೋಡೆಯಾಗಿ ಕೂತವು.

ಸಭೆಯ ಮರುದಿನ ಶಿರಹಟ್ಟಿಯ ತಾಲೂಕು ಕಚೇರಿಗೆ, ನಾಮಪತ್ರ ವಾಪಸು ಪಡೆಯಲು, ಅವಳು, ತಂದೆ, ಆ ಹುಡುಗ ಹೋದರು. ಕರೆಯದಿದ್ದರೂ ನಾನೂ ಗದಗಿನಿಂದ ಹೋದೆ. ಚುನಾವಣಾಧಿಕಾರಿ ಒಳ್ಳೆಯ ಮನುಷ್ಯ. ಕಾಗದ ನೋಡಿದವರು ತಲೆ ಎತ್ತಿ ಅವಳನ್ನೇ ಕೇಳಿದರು: "ಯಾರಾದ್ರೂ ಜುಲುಮಿ ಮಾಡ್ಯಾರೇನವಾ? ಅಂಜಬ್ಯಾಡ, ಇದ್ದದ್ದು ಹೇಳು. ಮಾಡಿದ್ರ ನಾ ಇದನ್ನ ತಗೊಳ್ಳೂದಿಲ್ಲ."

ಹೇಳಬಾರದೇ ಎಂದು ನಾನು ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ನೆನೆದೆ. ಅವಳ ತಂದೆ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಅವಳು ನಿಜವಾಗಿಯೂ ಯೋಚಿಸಿದಳು, ಲೆಕ್ಕ ತಪ್ಪಬಾರದೆನ್ನುವವರ ಹಾಗೆ.

"ಇಲ್ರಿ," ಎಂದಳು. "ಎಲ್ಲಾರೂ ಚೆಂದಗೆ ಕೇಳ್ಯಾರ್ರಿ. ನನ್ನ ಮಾತೂ ಪೂರ್ತಿ ಕೇಳಿದ್ರು."

"ಶಾಣ್ಯಾ ಊರು," ಎಂದು ಅಧಿಕಾರಿ ಸಮಾಧಾನದಿಂದ ಸಹಿ ಮಾಡಿದರು. ಅಲ್ಲಿಗೆ ಆ ಊರಿಗೆ ಮತಪೆಟ್ಟಿಗೆ ಕಳಿಸುವ ಕೆಲಸ ತಪ್ಪಿತು.

ಹೊರಗೆ ಲಕ್ಷ್ಮೇಶ್ವರದ ಬಸ್ಸು ನಿಂತಿತ್ತು. ಅವಳು ಮುಂದಿನ ಬಾಗಿಲಿನಿಂದ ಹತ್ತಿ ಹೆಂಗಸರ ಸಾಲಿನಲ್ಲಿ ಕೂತಳು. ಹಿಂದಿನ ಕಿಟಕಿಯಿಂದ ಹುಡುಗ ಕೈಮಾಡಿ ಕರೆದ: "ಸರ್ರ, ಜಲ್ದಿ ಬರ್ರಿ, ಜಾಗಾ ಹಿಡದೀನಿ." ನಾನು ಹಿಡಿಯಬೇಕಾದ ಗದಗಿನ ಬಸ್ಸು ಬೇರೆ ಕಡೆ ನಿಲ್ಲುತ್ತದೆಂಬುದು ನನಗೆ ಗೊತ್ತಿತ್ತು. ಆದರೂ ಅಷ್ಟು ಚೆಂದಗೆ ಕರೆದವನಿಗೆ ಒಲ್ಲೆನೆನ್ನದೆ ಹೋಗಿ ಅವನ ಪಕ್ಕದಲ್ಲಿ ಕೂತೆ.