ಅತ್ತಿಗೆ ಹಿಂದಕ್ಕೆ ಪಡೆದ ಪ್ರಬಂಧ

ನಮ್ಮ ಅತ್ತಿಗೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಮೇಡಂ. ಆದರೆ ಆ ವಿಭಾಗದವರನ್ನು ಕೇಳಿದರೆ, ‘ಅವರು ಗಣಿತದ ಕಡೆಯವರು, ಯಾವಾಗ ನೋಡಿದರೂ ಮ್ಯಾಟ್ರಿಕ್ಸ್ ಹಿಡಿದು ಕೂತಿರುತ್ತಾರೆ’ ಎನ್ನುತ್ತಿದ್ದರು. ಗಣಿತ ವಿಭಾಗದವರನ್ನು ಕೇಳಿದರೆ, ‘ಅಯ್ಯೋ, ಅವರು ನಮ್ಮವರಲ್ಲ, ಅಂಕಿಅಂಶದವರು’ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಒಂದು ವರ್ಷ ಕಾಲೇಜಿನ ಸಂಚಿಕೆಗೆ ವಿಭಾಗವಾರು ಫೋಟೊ ತೆಗೆದಾಗ ಗಣಿತದವರ ಜೊತೆ ಇದ್ದಾರೆಂದು ಸಂಖ್ಯಾಶಾಸ್ತ್ರದವರೂ, ಸಂಖ್ಯಾಶಾಸ್ತ್ರದವರ ಜೊತೆ ಇದ್ದಾರೆಂದು ಗಣಿತದವರೂ ಸುಮ್ಮನಾಗಿ, ಎರಡು ಫೋಟೊಗಳಲ್ಲೂ ಅತ್ತಿಗೆ ಇಲ್ಲ. ಸಂಚಿಕೆ ಮನೆಗೆ ಬಂದ ದಿನ ಅವರು ಪುಟ ತಿರುವಿ, ‘ನೋಡೋ, ನಾನು ರಿಟೈರ್ ಆಗಿಬಿಟ್ಟಿದ್ದೀನಿ, ನನಗೇ ಹೇಳಿಲ್ಲ’ ಎಂದು ನನ್ನ ಮುಂದೆ ಎಸೆದರು. ನಗುತ್ತಲೇ ಹೇಳಿದ್ದು. ಆದರೆ ಆ ಸಂಜೆ ಅವರ ಕೈಯಲ್ಲಿ ಪಾತ್ರೆಗಳು ಎಂದಿಗಿಂತ ಜೋರಾಗಿ ಸದ್ದು ಮಾಡಿದವು.

ಅಣ್ಣ ಮತ್ತು ನಾನು ಕನ್ನಡಕದ ಅಂಗಡಿ ಇಟ್ಟಿದ್ದೇವೆ. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಮದುವೆಯಾಗಲಿಲ್ಲ, ಅಣ್ಣನ ಸಂಸಾರದಲ್ಲೇ ಒಬ್ಬನಾಗಿ ಉಳಿದೆ. ಮಾಳಿಗೆಯ ಮೆಟ್ಟಿಲು ಮುಗಿಯುವಲ್ಲಿ ಒಂದು ಮೇಜು, ಒಂದು ಕಿಟಕಿ, ಹಳೆಯ ಕರಿಹಲಗೆ ಇದೆ. ಅದು ಅತ್ತಿಗೆಯ ಜಾಗ. ಮೆಟ್ಟಿಲು ಹತ್ತುವವರೆಲ್ಲ ಆ ಹಲಗೆಗೆ ಭುಜ ತಾಗದಂತೆ ಓರೆಯಾಗಿ ಹತ್ತಬೇಕು. ಹತ್ತುವಾಗ ಯಾರಾದರೂ ಒಂದು ಮೈನಸ್ ಗುರುತನ್ನು ಒರೆಸಿಬಿಟ್ಟರೆ ಆ ದಿನ ಅವರಿಗೆ ಗ್ರಹಚಾರ.

ಅವರ ಸಂಶೋಧನೆ ಏನೆಂದು ನನಗೆ ಅರ್ಥವಾದದ್ದು ಅಡುಗೆಮನೆಯಲ್ಲಿ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದವರು ಹಳೆಯದೆಂದು ಹೊರಗೆ ಹಾಕಿದ್ದ ಎರಡು ತಟ್ಟೆಯ ತಕ್ಕಡಿಯೊಂದನ್ನು ಅವರು ಮನೆಗೆ ತಂದಿದ್ದರು. ‘ಈ ಆಲೂಗಡ್ಡೆ, ಈ ಈರುಳ್ಳಿ. ಎರಡರ ತೂಕಾನೂ ಬೇಕು. ಎರಡೇ ಸಲ ತೂಗಬೇಕು. ಹೇಗೆ ತೂಗ್ತೀಯ?’ ಎಂದು ಕೇಳಿದರು.

‘ಇದನ್ನೊಂದು ಸಲ, ಅದನ್ನೊಂದು ಸಲ.’

‘ತಕ್ಕಡಿ ಪ್ರತಿ ಸಲ ಚೂರು ತಪ್ಪು ತೋರಿಸುತ್ತೆ ಅಂತ ಇಟ್ಕೋ. ಒಂದು ಸಲ ಹೆಚ್ಚು, ಒಂದು ಸಲ ಕಮ್ಮಿ.’

‘ತೋರಿಸಲಿ ಬಿಡಿ. ಆಲೂಗಡ್ಡೆ ತಾನೆ?’

‘ದಡ್ಡ. ಮೊದಲು ಎರಡನ್ನೂ ಒಂದೇ ತಟ್ಟೆಗೆ ಹಾಕು. ಮೊತ್ತ ಸಿಗುತ್ತೆ. ಆಮೇಲೆ ಒಂದನ್ನ ಈ ಕಡೆ, ಇನ್ನೊಂದನ್ನ ಆ ಕಡೆ ಹಾಕು. ವ್ಯತ್ಯಾಸ ಸಿಗುತ್ತೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ ಆಲೂಗಡ್ಡೆ, ಕಳೆದು ಅರ್ಧ ಮಾಡಿದರೆ ಈರುಳ್ಳಿ. ತೂಗಿದ್ದು ಎರಡೇ ಸಲ. ಆದರೆ ತಪ್ಪುಗಳೂ ಅರ್ಧರ್ಧ ಆಗಿ ಸೇರ್ತವೆ, ಎಷ್ಟೋ ಸಲ ಒಂದನ್ನೊಂದು ಹೊಡೆದುಹಾಕ್ತವೆ. ಅಷ್ಟೇ ಶ್ರಮಕ್ಕೆ ಹೆಚ್ಚು ನಿಖರ ಉತ್ತರ. ಗೊತ್ತಾಯ್ತಾ?’

ಗೊತ್ತಾಯಿತು. ಸಾಮಾನುಗಳು ಹೆಚ್ಚಾದಂತೆ, ಯಾವ ಸಲ ಯಾವುದನ್ನು ಯಾವ ತಟ್ಟೆಗೆ ಹಾಕಬೇಕು ಎಂಬುದೇ ದೊಡ್ಡ ಲೆಕ್ಕ. ಎಡತಟ್ಟೆಗೆ ಪ್ಲಸ್ ಒಂದು, ಬಲತಟ್ಟೆಗೆ ಮೈನಸ್ ಒಂದು ಎಂದು ಬರೆದರೆ ಒಂದು ಚೌಕ ಕೋಷ್ಟಕವಾಗುತ್ತದೆ. ಅದೇ ಮ್ಯಾಟ್ರಿಕ್ಸ್. ಎಲ್ಲಕ್ಕಿಂತ ಕಡಿಮೆ ತಪ್ಪು ಕೊಡುವ ಕೋಷ್ಟಕ ಯಾವುದು? ಸಾಮಾನುಗಳ ಸಂಖ್ಯೆ ನಾಲ್ಕರಿಂದ ಸರಿಯಾಗಿ ಭಾಗವಾದರೆ ಕೆಲಸ ಸ್ವಲ್ಪ ಸಲೀಸಂತೆ. ಅದಕ್ಕಿಂತ ಒಂದು ಕಡಿಮೆ ಇದ್ದರೆ, ಹನ್ನೊಂದೋ ಹದಿನೈದೋ ಆದರೆ, ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಅತ್ತಿಗೆ ತಲೆ ಚಚ್ಚಿಕೊಳ್ಳಲು ಆರಿಸಿಕೊಂಡದ್ದು ಇದೇ ಸಂಖ್ಯೆಗಳನ್ನು. ಅವುಗಳಲ್ಲಿ ಒಂದು ಬಗೆಯ ಕೋಷ್ಟಕಗಳಿಗೆ ಇಂಥದ್ದೇ ಅತ್ಯುತ್ತಮ, ಇದನ್ನು ಮೀರಿಸಿದ್ದು ಇರಲಾರದು ಎಂದು ಸಾಧಿಸುವುದು ಅವರ ಹಟ.

ಆ ಹಟ ಅವರ ನಡುವಯಸ್ಸನ್ನೆಲ್ಲ ತಿಂದಿತು. ಬೆಳಿಗ್ಗೆ ತರಗತಿ, ಮಧ್ಯಾಹ್ನ ಉತ್ತರಪತ್ರಿಕೆಗಳ ರಾಶಿ, ನಡುವೆ ಕಾಲೇಜಿನವರು ಹೊರಿಸಿದ ಹಾಜರಾತಿಯ ಅಂಕಿಅಂಶ. ‘ನೀವು ಸಂಖ್ಯಾಶಾಸ್ತ್ರದವರಲ್ವಾ, ಶೇಕಡಾವಾರು ತೆಗೆದುಕೊಡಿ’ ಎಂದು ಯಾರು ಬೇಕಾದರೂ ಬಂದು ಕೇಳುತ್ತಿದ್ದರು. ಉಳಿದ ಹೊತ್ತೆಲ್ಲ ಮೆಟ್ಟಿಲ ತುದಿಯ ಹಲಗೆಗೆ. ಮಗಳು ಚಿಕ್ಕವಳಿದ್ದಾಗ, ‘ಅಮ್ಮ, ನಿನ್ನ ಲೆಕ್ಕ ಇನ್ನೂ ಮುಗೀಲಿಲ್ವಾ? ನಮ್ಮ ಟೀಚರ್ ಆದ್ರೆ ಹೊಡೀತಾರೆ’ ಎಂದಿದ್ದಳು. ಅವಳು ಓದು ಮುಗಿಸಿ ಮದುವೆಯಾಗಿ ಹೋದಳು. ಲೆಕ್ಕ ಅಲ್ಲೇ ಇತ್ತು.

ಕೊನೆಗೊಮ್ಮೆ ಪ್ರಬಂಧ ಬರೆದು ಮುಗಿಸಿದರು. ಸಂಖ್ಯಾಶಾಸ್ತ್ರದ ಪತ್ರಿಕೆಗೆ ಕಳಿಸಿದರು. ಅವರು ಬಹಳ ದಿನ ಇಟ್ಟುಕೊಂಡು, ‘ಇದರಲ್ಲಿ ಮ್ಯಾಟ್ರಿಕ್ಸ್ ಬಿಟ್ಟರೆ ಏನೂ ಇಲ್ಲ, ಗಣಿತದವರಿಗೆ ಕಳಿಸಿ’ ಎಂದರು. ಗಣಿತದ ಪತ್ರಿಕೆಯವರು, ‘ಇದರ ಆಸಕ್ತಿ ಸಂಖ್ಯಾಶಾಸ್ತ್ರದವರಿಗೆ ಮಾತ್ರ’ ಎಂದು ವಾಪಸ್ ಕಳಿಸಿದರು. ಅತ್ತಿಗೆ ಉರಿದುಬಿದ್ದರು. ‘ನಾನೇನು ಮಾಡ್ಲಿ? ಅರ್ಧ ಹರಿದು ಇವರಿಗೆ, ಅರ್ಧ ಅವರಿಗೆ ಕೊಡ್ಲಾ?’ ಎಂದು ಅಣ್ಣನ ಮೇಲೆ ಹರಿಹಾಯ್ದರು. ಅಣ್ಣ ಪಾಪ, ಕನ್ನಡಿಯ ಮುಂದೆ ಶೇವಿಂಗ್ ಮಾಡಿಕೊಳ್ಳುತ್ತಿದ್ದವನು, ‘ನನ್ನನ್ಯಾಕೆ ಕೇಳ್ತೀಯೇ, ನಾನು ಆಲೂಗಡ್ಡೆ ತಿನ್ನೋನು’ ಎಂದ.

ಮೂರನೆಯ ಪತ್ರಿಕೆ ಒಪ್ಪಿಕೊಂಡಿತು. ಸಣ್ಣಪುಟ್ಟ ತಿದ್ದುಪಡಿ ಹೇಳಿ, ಪ್ರಕಟಿಸುತ್ತೇವೆ ಎಂದು ಬರೆದರು. ಆ ದಿನ ಅತ್ತಿಗೆ ಕಾಲೇಜಿನಿಂದ ನಡೆದುಕೊಂಡು ಬರಲಿಲ್ಲ, ಆಟೊದಲ್ಲಿ ಬಂದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಸಂಭ್ರಮ. ಕಾಲೇಜಿಗೆ ಆಗಲೇ ಮೇಲಿನಿಂದ ತಪಾಸಣೆಯ ತಂಡ ಬರುವುದಿತ್ತು. ಅಲ್ಲಿಯವರೆಗೆ ಅತ್ತಿಗೆಯ ಹೆಸರನ್ನು ಒಮ್ಮೆಯೂ ಸರಿಯಾಗಿ ಹೇಳದಿದ್ದ ಪ್ರಿನ್ಸಿಪಾಲರು ಗೇಟಿನ ಮೇಲೆ ದೊಡ್ಡ ಬ್ಯಾನರ್ ಕಟ್ಟಿಸಿದರು. ‘ನಮ್ಮ ಹೆಮ್ಮೆ’ ಎಂದು ಬರೆದು ಕೆಳಗೆ ಅತ್ತಿಗೆಯ ಫೋಟೊ. ಗಣಿತ ವಿಭಾಗದವರೂ ಸಂಖ್ಯಾಶಾಸ್ತ್ರದವರೂ ತಮ್ಮ ತಮ್ಮ ವರದಿಗಳಲ್ಲಿ ಆ ಪ್ರಬಂಧವನ್ನು ಸೇರಿಸಿಕೊಂಡರು. ಪ್ರೊಫೆಸರ್ ಹುದ್ದೆಗೆ ಸಂದರ್ಶನ ಹತ್ತಿರವಿತ್ತು. ಈ ಸಲ ಬೇರೆಯವರ ಮಾತೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ಅಚ್ಚಿಗೆ ಹೋಗುವ ಮುಂಚಿನ ಕರಡು ಬಂದಾಗ ಅಣ್ಣ ಊರಲ್ಲಿರಲಿಲ್ಲ. ನಾನು ಒಳಗಿನ ಕೋಣೆಯಲ್ಲಿ ಒಬ್ಬರ ಕಣ್ಣು ಪರೀಕ್ಷೆ ಮಾಡುತ್ತಿದ್ದೆ. ಕಾಲೇಜಿಗೆ ರಜೆ ಇದ್ದುದರಿಂದ ಅತ್ತಿಗೆ ಅಂಗಡಿಯ ಗಾಜಿನ ಮೇಜಿನ ಹಿಂದೆ ಕೂತು, ಫ್ರೇಮುಗಳ ಮೇಲೆಯೇ ಹಾಳೆಗಳನ್ನು ಹರಡಿಕೊಂಡು ಅಚ್ಚಿನ ತಪ್ಪು ತಿದ್ದುತ್ತಿದ್ದರು. ವಯಸ್ಸಾದ ಗಿರಾಕಿಯೊಬ್ಬರು ಒಂದೊಂದೇ ಫ್ರೇಮು ಹಾಕಿಕೊಂಡು, ‘ಹೇಗಿದೆಯಮ್ಮ?’ ಎಂದು ಕೇಳುತ್ತಿದ್ದರು. ಅತ್ತಿಗೆ ತಲೆಯೆತ್ತದೆ ‘ಚೆನ್ನಾಗಿದೆ’ ಎನ್ನುತ್ತಿದ್ದರು. ನಾನು ಹೊರಗೆ ಬಂದಾಗ ಆ ಹಿರಿಯರು ನಮ್ಮ ಅಂಗಡಿಯಲ್ಲಿ ಯಾರೂ ಕೊಳ್ಳದ ಹಸಿರು ಫ್ರೇಮೊಂದನ್ನು ಆರಿಸಿಕೊಂಡು ಖುಷಿಯಾಗಿ ನಿಂತಿದ್ದರು. ಅತ್ತಿಗೆಯ ಮುಖ ಮಾತ್ರ ಬಿಳಿಚಿಕೊಂಡಿತ್ತು. ಪೆನ್ನು ಒಂದು ಸಾಲಿನ ಮೇಲೆ ನಿಂತುಬಿಟ್ಟಿತ್ತು.

ಗಿರಾಕಿ ಹೋದ ಮೇಲೆ, ‘ಏನಾಯ್ತು ಅತ್ತಿಗೆ?’ ಎಂದೆ.

‘ಇಲ್ಲಿ ಎರಡು ಸಂಖ್ಯೆಗಳ ವ್ಯತ್ಯಾಸದಿಂದ ಭಾಗಿಸಿದ್ದೀನಿ’ ಎಂದರು.

‘ಸರಿ.’

‘ಎರಡೂ ಒಂದೇ ಆಗಿಬಿಟ್ಟರೆ?’

ನನಗೂ ಅಷ್ಟು ಗೊತ್ತು. ಒಂದೇ ಆದರೆ ವ್ಯತ್ಯಾಸ ಸೊನ್ನೆ. ಸೊನ್ನೆಯಿಂದ ಭಾಗಿಸುವ ಹಾಗಿಲ್ಲ ಎಂದು ಶಾಲೆಯಲ್ಲೇ ಕಿವಿ ಹಿಂಡಿ ಹೇಳಿಕೊಟ್ಟಿದ್ದಾರೆ. ‘ಒಂದೇ ಆಗೋದು ಯಾವಾಗಲೋ ಒಮ್ಮೆ ಇರಬೇಕು ಬಿಡಿ’ ಎಂದೆ.

‘ಎಲ್ಲಿ ಆಗುತ್ತೆ ಗೊತ್ತಾ? ಅತ್ಯುತ್ತಮ ಕೋಷ್ಟಕದ ಹತ್ತಿರ ಬಂದಾಗಲೇ ಆಗುತ್ತೆ. ನನಗೆ ಎಲ್ಲಿ ಬೇಕೋ ಅಲ್ಲೇ.’ ಹಾಳೆಗಳನ್ನು ಒಟ್ಟುಗೂಡಿಸಿ ಎದ್ದರು. ‘ಪತ್ರಿಕೆಯವರ ಪರವಾಗಿ ಪ್ರಬಂಧ ಪರಿಶೀಲಿಸಿದ ಮೂವರಿಗೂ ಕಾಣಲಿಲ್ಲ. ನನಗೂ ಇಷ್ಟು ವರ್ಷ ಕಾಣಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕಾಣ್ಬೇಕಾಯ್ತು, ನೋಡು.’

ಒಂದು ವಾರ ಅವರು ಆ ಸಾಲನ್ನು ಉಳಿಸಿಕೊಳ್ಳಲು ಹೆಣಗಿದರು. ಹಲಗೆ ತುಂಬಿತು, ಅಳಿಯಿತು, ಮತ್ತೆ ತುಂಬಿತು. ಊಟಕ್ಕೆ ಕರೆದರೆ ಸಿಡುಕುತ್ತಿದ್ದರು. ಅಣ್ಣ ವಾಪಸ್ ಬಂದವನು ಎಲ್ಲ ಕೇಳಿಸಿಕೊಂಡು ಹೇಳಿದ: ‘ಯಾರೂ ನೋಡಿಲ್ಲ ಅಂದ್ಮೇಲೆ ಸುಮ್ನೆ ಅಚ್ಚಾಗಲಿ ಬಿಡೇ. ಸಂದರ್ಶನ ಮುಗೀಲಿ. ಆಮೇಲೆ ನಿಧಾನವಾಗಿ ಸರಿಮಾಡು.’

‘ಇದೇನ್ರೀ ಕನ್ನಡಕಾನಾ, ಮೂಗಿನ ಮೇಲೆ ಸರೀಗೆ ಕೂರ್ತಿಲ್ಲ ಅಂದ್ರೆ ಆಮೇಲೆ ಬಗ್ಗಿಸಿಕೊಡೋಕೆ? ಮುರಿದಿದೆ ಇದು.’

ಮಾರನೆಯ ದಿನ ಅತ್ತಿಗೆ ಪತ್ರಿಕೆಗೆ ಬರೆದು ಪ್ರಬಂಧವನ್ನು ಹಿಂದಕ್ಕೆ ಪಡೆದರು. ನಂತರ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಹೇಳಿದರು. ಅಲ್ಲಿ ನಡೆದದ್ದನ್ನು ಮನೆಯಲ್ಲಿ ಪ್ರಿನ್ಸಿಪಾಲರ ಧಾಟಿಯಲ್ಲೇ ಅಭಿನಯಿಸಿ ತೋರಿಸಿದರು.

‘ಬ್ಯಾನರ್ ಹಾಕಿಸಿ ಆಗಿದೆಯಲ್ಲಮ್ಮ!’ ಎಂದರಂತೆ ಪ್ರಿನ್ಸಿಪಾಲರು.

‘ಬಿಚ್ಚಿಸಿ ಸರ್.’

‘ವರದಿ ಹೋಗಿಬಿಟ್ಟಿದೆ. ಎರಡು ವಿಭಾಗದಲ್ಲೂ ತೋರಿಸಿದ್ದೀವಿ. ನಿಮಗೆ ಕಾಲೇಜಿನ ಮೇಲೆ ಏನಾದರೂ ಅಭಿಮಾನ ಇದೆಯಾ? ತಪ್ಪು ಯಾರಾದರೂ ಕಂಡುಹಿಡಿದ್ರಾ?’

‘ನಾನೇ ಕಂಡುಹಿಡಿದೆ ಸರ್.’

‘ಅದೇ ಸಮಸ್ಯೆ ನಿಮ್ಮದು!’

ಬ್ಯಾನರನ್ನು ಅಂದೇ ಬಿಚ್ಚಲಿಲ್ಲ. ತಪಾಸಣೆಯ ತಂಡ ಬಂದು ಹೋಗುವವರೆಗೂ ಅದು ಅಲ್ಲೇ ಇತ್ತು. ಅತ್ತಿಗೆ ಪ್ರತಿದಿನ ತಮ್ಮದೇ ನಗುಮುಖದ ಕೆಳಗೆ ತಲೆ ತಗ್ಗಿಸಿ ಒಳಗೆ ಹೋಗಬೇಕಾಯಿತು. ಸಂದರ್ಶನದಲ್ಲಿ ಅವರಿಗಿಂತ ಎಷ್ಟೋ ಕಿರಿಯನಾದ ಸಹೋದ್ಯೋಗಿಗೆ ಪ್ರೊಫೆಸರ್ ಹುದ್ದೆ ಸಿಕ್ಕಿತು. ಆತ ಒಳ್ಳೆಯವನೇ, ಸಿಹಿ ತಂದುಕೊಟ್ಟ. ಅತ್ತಿಗೆ ಅಭಿನಂದನೆ ಹೇಳಿ ಬಂದು, ಸಿಹಿಯ ಪೊಟ್ಟಣವನ್ನು ನನ್ನ ಕೈಗಿಟ್ಟು, ‘ತಿನ್ನು, ನನಗೆ ಗಂಟಲಲ್ಲಿ ಇಳಿಯಲ್ಲ’ ಎಂದರು.

ನಂತರದ ವರ್ಷಗಳು ಇನ್ನೂ ಕಷ್ಟದವು. ಆ ಬಿರುಕನ್ನು ಮುಚ್ಚಲು ಅವರು ಮಾಡದ ಪ್ರಯತ್ನವಿಲ್ಲ. ಬೇರೆ ದಾರಿಯಲ್ಲಿ ಸುತ್ತಿ ಬಂದರೆ ಮತ್ತೆ ಅದೇ ಸಾಲಿನ ಮುಂದೆ ಬಂದು ನಿಲ್ಲುತ್ತಿದ್ದರು. ‘ಒಂದು ಕೋಣೆಗೆ ನಾಲ್ಕು ಬಾಗಿಲು ಇದ್ದು, ನಾಲ್ಕೂ ಅದೇ ಕೋಣೆಯೊಳಕ್ಕೆ ತೆರೆದ ಹಾಗಿದೆ’ ಎಂದು ಒಮ್ಮೆ ನನಗೆ ಹೇಳಿದ್ದರು. ಮೊದಲೆಲ್ಲ ಸೋತಾಗ ಸಿಡಿಮಿಡಿಗುಟ್ಟುತ್ತಿದ್ದವರು ಆಮೇಲಾಮೇಲೆ ಮಾತನ್ನೇ ಕಡಿಮೆ ಮಾಡಿದರು. ನನಗೆ ಅದೇ ಹೆಚ್ಚು ಭಯವಾಗಿತ್ತು. ಕೊನೆಗೆ, ಎರಡು ಸಂಖ್ಯೆಗಳು ಬೇರೆಬೇರೆ ಇದ್ದಾಗ ಮಾತ್ರ ನಿಲ್ಲುವ ಭಾಗವನ್ನು ಪ್ರತ್ಯೇಕಿಸಿ, ಉಳಿದದ್ದು ನನ್ನಿಂದ ಆಗಲಿಲ್ಲ ಎಂದು ಸ್ಪಷ್ಟವಾಗಿ ಬರೆದು, ಒಂದು ಚಿಕ್ಕ ಟಿಪ್ಪಣಿಯಾಗಿ ಪ್ರಕಟಿಸಿದರು. ಅದಕ್ಕೆ ಯಾರೂ ಬ್ಯಾನರ್ ಕಟ್ಟಲಿಲ್ಲ.

ಒಂದು ದಿನ ಬೆಳಿಗ್ಗೆ ಮೆಟ್ಟಿಲ ತುದಿಯಿಂದ ‘ಆರು ಪುಟ!’ ಎಂಬ ಕೂಗು ಕೇಳಿಸಿತು. ಅಣ್ಣ, ನಾನು ಓಡಿದೆವು. ದೂರದ ವಿಶ್ವವಿದ್ಯಾಲಯದ ಇಬ್ಬರು ಎಳೆಯ ಸಂಶೋಧಕರು, ಅತ್ತಿಗೆ ಕನಸಿನಲ್ಲೂ ಯೋಚಿಸದ ಬೇರೊಂದು ವಿಧಾನದಿಂದ, ಇಡೀ ಲೆಕ್ಕವನ್ನು ಆರೇ ಪುಟಗಳಲ್ಲಿ ಮುಗಿಸಿದ್ದರು. ಅತ್ತಿಗೆಯ ಅಂದಾಜು ಸರಿಯಾಗಿತ್ತು. ಅವರು ಅತ್ಯುತ್ತಮ ಎಂದುಕೊಂಡ ಕೋಷ್ಟಕವೇ ಅತ್ಯುತ್ತಮ. ಸಾಧಿಸಿದ್ದು ಮಾತ್ರ ಬೇರೆಯವರು.

‘ನನ್ನ ಇಷ್ಟು ವರ್ಷ, ಇವರಿಗೆ ಆರು ಪುಟ!’ ಎಂದು ಅತ್ತಿಗೆ ಸೀಮೆಸುಣ್ಣವನ್ನು ಗೋಡೆಗೆ ಬೀಸಿದರು. ಅಣ್ಣ ಸಮಾಧಾನಕ್ಕೆಂದು, ‘ಎಲ್ಲೋ ತಪ್ಪಿರುತ್ತೆ ಕಣೇ, ನೋಡು’ ಎಂದ. ಅವರು ನಿಜವಾಗಿಯೂ ನೋಡಿದರು. ತಪ್ಪು ಸಿಗಲಿ ಎಂಬ ಆಸೆಯಿಂದಲೇ ಕೂತು ಒಂದೊಂದು ಸಾಲನ್ನೂ ಜಾಲಾಡಿದರು. ಆ ಕೆಲಸ ಕೆಲವು ದಿನ ನಡೆಯಿತು. ಆಮೇಲೆ ಕೆಳಗೆ ಬಂದು ನನ್ನ ಎದುರು ಕೂತರು.

‘ಸರಿಯಾಗಿದೆ’ ಎಂದರು. ‘ದರಿದ್ರದ್ದು, ಪೂರ್ತಿ ಸರಿಯಾಗಿದೆ. ಚೆನ್ನಾಗೂ ಇದೆ.’

‘ನಿಮ್ಮ ಹೆಸರು ಹಾಕಿದ್ದಾರಾ?’

‘ಹಾಕಿದ್ದಾರೆ. ತೊಡಕು ಎಲ್ಲಿದೆ ಅಂತ ಮೊದಲು ತೋರಿಸಿಕೊಟ್ಟದ್ದು ನಾನಂತೆ. ತೊಡಕಿಗೆ ನಾನು, ಬಿಡಿಸಿದ್ದಕ್ಕೆ ಅವರು.’ ಸ್ವಲ್ಪ ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಆ ಒಂದು ಸಲ ಮಾತ್ರ. ಸೆರಗಿನಿಂದ ಒರೆಸಿಕೊಂಡು, ಲೆನ್ಸ್ ಒರೆಸುವ ಬಟ್ಟೆ ಕೊಡಲು ಹೋದ ನನ್ನನ್ನು ಗದರಿದರು.

ಆಮೇಲೆ ಕೆಲವು ತಿಂಗಳು ಅವರು ಪೆನ್ನು ಮುಟ್ಟಲಿಲ್ಲ. ಕಾಲೇಜು ಮುಗಿದೊಡನೆ ಅಂಗಡಿಗೆ ಬಂದು ಕೂರತೊಡಗಿದರು. ನಮಗೆ ಅದು ದೊಡ್ಡ ಪೀಕಲಾಟವಾಯಿತು. ಬಂದ ಗಿರಾಕಿಗಳಿಗೆಲ್ಲ, ‘ಈ ಫ್ರೇಮು ನಿಮಗೆ ಬೇಡ, ಹಳೆಯದೇ ಇನ್ನೂ ಗಟ್ಟಿಯಾಗಿದೆ’ ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದರು. ಅಣ್ಣ ಕೈಮುಗಿದು ಬೇಡಿಕೊಂಡ: ‘ನಿನ್ನ ಮ್ಯಾಟ್ರಿಕ್ಸೇ ವಾಸಿ ಕಣೇ. ದಯವಿಟ್ಟು ಮೇಲೆ ಹೋಗು.’

ಅವರು ಹೋದರು. ಅವರ ಸೇವೆ ಮುಗಿಯಲು ಇನ್ನು ಹೆಚ್ಚು ಕಾಲವಿಲ್ಲ. ಪ್ರೊಫೆಸರ್ ಆಗುವುದಂತೂ ಇಲ್ಲ. ಕೊನೆಯ ವರ್ಷದ ತರಗತಿಗೆ ಆ ಇಬ್ಬರು ಹುಡುಗರ ಆರು ಪುಟವನ್ನೇ ಈಗ ಪಾಠ ಮಾಡುತ್ತಾರೆ. ಅಷ್ಟು ಚೆನ್ನಾಗಿ ಬೇರೆ ಯಾವ ಪಾಠವನ್ನೂ ಮೇಡಂ ಮಾಡುವುದಿಲ್ಲ ಎಂದು ಒಬ್ಬ ವಿದ್ಯಾರ್ಥಿನಿ ಅಂಗಡಿಗೆ ಬಂದಾಗ ಹೇಳಿದಳು. ಅದನ್ನು ಅತ್ತಿಗೆಗೆ ತಿಳಿಸಿದೆ. ‘ಬೇರೆಯವರ ಮಗುವನ್ನ ಆಡಿಸೋದು ಸುಲಭ’ ಎಂದು ಮೂಗು ಮುರಿದರು.

ಈಗ ಇನ್ನೊಂದು ಲೆಕ್ಕಕ್ಕೆ ಕೈ ಹಾಕಿದ್ದಾರೆ. ತೂಗಿದ್ದರಲ್ಲಿ ಯಾವುದೋ ಒಂದು ಸಲದ ಫಲಿತಾಂಶ ಕಳೆದುಹೋದರೂ ಉಳಿದದ್ದರಿಂದಲೇ ಉತ್ತರ ಹೆಚ್ಚು ಕೆಡದೆ ಸಿಗುವ ಕೋಷ್ಟಕ ಯಾವುದು ಎಂಬುದು ಅದು. ಮೊನ್ನೆ ಭಾನುವಾರ ಮಗಳು, ಅಳಿಯ ಬಂದಿದ್ದರು. ಎಲ್ಲರೂ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದೆವು. ಮಗಳು ಮೇಲೆ ನೋಡಿ ಕೂಗಿದಳು: ‘ಅಮ್ಮ, ಎಲ್ಲಿಗೆ ಬಂತು?’

‘ಎಲ್ಲಿಗೂ ಬಂದಿಲ್ಲ. ನೀವು ತಿನ್ನಿ!’ ಎಂದು ಮೇಲಿನಿಂದ ರೇಗಿದ ದನಿ ಬಂತು.

ನಾವು ತಿನ್ನತೊಡಗಿದೆವು.