ಎರಡು ಬೆರಳಿನ ಜಾಗ

ಕುದುರೆಯ ಮೂಗಿನ ಸುತ್ತ ಕಟ್ಟುವ ತೊಗಲಿನ ಪಟ್ಟಿಯನ್ನು ಅರ್ಧ ಆಯುಷ್ಯ ಮಾರಿದವನು, ಅಂಗಡಿ ಮುಚ್ಚಿದ ಮೇಲೆ ಅದೇ ಪಟ್ಟಿ ಬಿಗಿಯಾಯಿತೆಂದು ತಕರಾರು ತೆಗೆಯುವ ಕೆಲಸಕ್ಕೆ ಸೇರಿದ.

“ಕಟ್ಟೋಕೂ ನೀವೇ, ಬಿಚ್ಚೋಕೂ ನೀವೇ. ವ್ಯಾಪಾರಿ ಅಂದ್ರೆ ಹೀಗಿರ್ಬೇಕು ನೋಡಿ” ಎಂದು ಹೆಂಡತಿ ನಕ್ಕಳು.

ನಗಲಿ. ಅವನಿಗೆ ಆ ಲೆಕ್ಕ ಗೊತ್ತಿತ್ತು. ಸವಾರನ ಸನ್ನೆಗೆ ಕುದುರೆ ಹೆಜ್ಜೆ ಹಾಕುವ ಸ್ಪರ್ಧೆಯದು. ನಡುವೆ ಕುದುರೆ ಬಾಯಿ ತೆರೆದರೆ ಅಂಕ ಹೋಗುತ್ತದೆ. ಬಾಯಿ ತೆರೆಯದಂತೆ ಮಾಡಲು ಎರಡು ದಾರಿ: ಸವಾರ ತನ್ನ ಕೈ ಹಗುರ ಮಾಡಿಕೊಳ್ಳುವುದು, ಇಲ್ಲವೇ ಮೂಗುಪಟ್ಟಿ ಬಿಗಿಯುವುದು. ಮೊದಲನೆಯದನ್ನು ಕಲಿಯಲು ವರ್ಷಗಟ್ಟಲೆ ಬೇಕು. ಎರಡನೆಯದು ಅವನ ಅಂಗಡಿಯಲ್ಲಿ ಸಿಗುತ್ತಿತ್ತು. “ಇನ್ನೊಂದು ತೂತು ಹೊಡೆದುಕೊಡಿ” ಎಂದು ಬಂದವರಿಗೆಲ್ಲ ಉಳಿ ಇಟ್ಟು ಹೊಡೆದುಕೊಟ್ಟಿದ್ದ. ಸಡಿಲ ಮಾಡಿಕೊಡಿ ಎಂದು ಯಾವ ಗಿರಾಕಿಯೂ ಬಂದಿರಲಿಲ್ಲ. ಕುದುರೆಗಳು ಅಂಗಡಿಗೆ ಬರುವುದಿಲ್ಲವಲ್ಲ.

ನಿಯಮ ಸರಳವಾಗಿತ್ತು. ಪಟ್ಟಿಗೂ ಮೂಗಿನ ಮೂಳೆಗೂ ನಡುವೆ ಎರಡು ಬೆರಳು ತೂರಬೇಕು. ಕಣಕ್ಕೆ ಹೋಗುವ ಬಾಗಿಲಲ್ಲಿ ನಿಂತು ಅವನು ಬೆರಳು ತೂರಿಸಿ ನೋಡುತ್ತಿದ್ದ. ಹೋಗದಿದ್ದರೆ ಒಂದೋ ಎರಡೋ ತೂತು ಸಡಿಲಿಸಿದ ಮೇಲೆಯೇ ಒಳಗೆ. ಹಾಗಾಗಿ ಅವನಿಗೆ ಬೆರಳಣ್ಣ ಎಂಬ ಹೆಸರು ಅಂಟಿತು.

ಆ ಬಾಗಿಲಿಗೆ ಬರುತ್ತಿದ್ದ ಕುದುರೆಗಳಲ್ಲಿ ಒಂದು ಬೂದು ಬಣ್ಣದ ಹೆಣ್ಣು, ಹೆಸರೂ ಬೂದಿ. ಅದರ ಸವಾರಿ ಅವನ ಭಾವಮೈದುನನ ಮಗಳು ಪುಟ್ಟಿಯದು. ಬೆರಳಣ್ಣನನ್ನು ಕಂಡರೆ ಸಾಕು, ಬೂದಿ ತಾನಾಗಿ ತಲೆ ತಗ್ಗಿಸಿ ಅವನ ಎದೆಯ ಹತ್ತಿರ ಮೂಗು ತರುತ್ತಿತ್ತು.

“ನೋಡು ಮಾವ, ನಿಂಗೆ ನಮಸ್ಕಾರ ಮಾಡ್ತಾಳೆ” ಎನ್ನುತ್ತಿದ್ದಳು ಪುಟ್ಟಿ.

ನಮಸ್ಕಾರವಲ್ಲವೆಂದು ಅವನಿಗೆ ಗೊತ್ತಿತ್ತು. ಎಷ್ಟು ಗಿರಾಕಿಗಳನ್ನು ಕಂಡಿಲ್ಲ ಅವನು! ಬೇಕಾದ ಸಾಮಾನು ಈ ಅಂಗಡಿಯಲ್ಲಿ ಸಿಗುತ್ತದೆಂದು ಗೊತ್ತಿದ್ದವರು ಹೀಗೆಯೇ ನೇರ ಬಂದು ನಿಲ್ಲುತ್ತಾರೆ. ಬೆರಳು ಬಂದರೆ ಪಟ್ಟಿ ಸಡಿಲವಾಗುತ್ತದೆ. ಬೂದಿ ಕಲಿತದ್ದು ಇಷ್ಟೇ. ಜೀವನದಲ್ಲಿ ಅವನನ್ನು ಇಷ್ಟು ನಂಬಿದ ಗಿರಾಕಿ ಮತ್ತೊಂದಿರಲಿಲ್ಲ.

ವಯಸ್ಸಾದಂತೆ ಗಂಟುನೋವು ಬಂದು ಬೆರಳುಗಳು ಊದಿಕೊಂಡವು. ತೂರುತ್ತಿದ್ದ ಪಟ್ಟಿಗಳೂ ತೂರದಾದವು. ಸವಾರರು ರೇಗಿದರು.

“ಬೆರಳಣ್ಣ, ನಿಯಮದಲ್ಲಿ ಎರಡು ಬೆರಳು ಅಂತಿದೆ. ಎರಡು ಮೂಲಂಗಿ ಅಂತ ಇಲ್ಲ.”

ಮಾತು ಮೊಳೆಯಂತೆ ನಾಟಿತು. ತೂಕದಲ್ಲಿ ಮೋಸ ಮಾಡಿದ ಎನಿಸಿಕೊಂಡು ಬದುಕಿದ ವ್ಯಾಪಾರಿಯಲ್ಲ ಅವನು. ತಾನೇ ಹೋಗಿ ಸ್ಪರ್ಧೆ ನಡೆಸುವ ಸಮಿತಿಯ ಅಧ್ಯಕ್ಷರಿಗೆ ಹೇಳಿದ: “ನನ್ನ ಬೆರಳು ಬೇಡ ಸಾರ್, ಎರಡು ಬೆರಳು ದಪ್ಪದ ಒಂದು ಗೇಜು ಮಾಡಿಸಿ. ಎಲ್ಲರಿಗೂ ಒಂದೇ ಅಳತೆ.”

ಅಧ್ಯಕ್ಷರ ಸ್ವಂತ ಕುದುರೆಗಳೇ ಪ್ರತಿ ಸ್ಪರ್ಧೆಗೂ ಇಳಿಯುತ್ತಿದ್ದವು. ಅವರು ಕುರ್ಚಿಯಿಂದ ಎದ್ದು ಬಂದು ಬೆರಳಣ್ಣನ ಕೈ ಕುಲುಕಿದರು. ಆಗಲೇ ಅವನಿಗೆ ಅನುಮಾನ ಬರಬೇಕಿತ್ತು.

ಸಭೆಯಲ್ಲಿ ಯಾರ ಬೆರಳು ಅಳೆಯುವುದೆಂಬ ಪ್ರಶ್ನೆ ಬಂತು. ಖಜಾಂಚಿ ಕೈ ಚಾಚಿದರು. ಜೀವಮಾನದಲ್ಲಿ ನೋಟು ಬಿಟ್ಟು ಬೇರೇನನ್ನೂ ಎತ್ತದ ಬೆರಳುಗಳು, ಬಿದಿರುಕಡ್ಡಿಯ ಹಾಗೆ. ಅಳೆದದ್ದೂ ಉಗುರಿನ ತುದಿಯಲ್ಲಿ.

“ಗಂಟಿನ ಹತ್ತಿರ ಅಳೀಬೇಕು ಸಾರ್” ಎಂದ ಬೆರಳಣ್ಣ.

“ಐದು ಬೆರಳೂ ಒಂದೇ ಸಮ ಇರತ್ತೇನಯ್ಯಾ? ಎಲ್ಲೋ ಒಂದ್ಕಡೆ ನಿಲ್ಲಿಸ್ಬೇಕಲ್ಲ” ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಸಲಹೆ ಕೊಟ್ಟ ಬೆರಳಣ್ಣನಿಗೆ ಚಪ್ಪಾಳೆಯೂ ಬಿತ್ತು. ಗೇಜು ತೂರಿದ ಮೇಲೆ ಪಟ್ಟಿಯನ್ನು ಯಾರೂ ಮುಟ್ಟಬಾರದೆಂಬ ಇನ್ನೊಂದು ಸಾಲು ಅದೇ ಚಪ್ಪಾಳೆಯ ಸದ್ದಿನಲ್ಲಿ ಪಾಸಾಯಿತು. ಬೆರಳು ತೋರಿಸಿದರೆ ಹಸ್ತ ನುಂಗುವ ಜನ.

ಮುಂದಿನ ಸ್ಪರ್ಧೆಯ ಬೆಳಿಗ್ಗೆ ಬೂದಿ ಬಾಗಿಲಿಗೆ ಬಂತು. ಎಂದಿನಂತೆ ತಲೆ ತಗ್ಗಿಸಿತು. ಪಟ್ಟಿಯ ಅಂಚಿನಲ್ಲಿ ಚರ್ಮ ಉಬ್ಬಿ ಎದ್ದಿತ್ತು. ಬೆರಳಣ್ಣ ಗೇಜು ಹಿಡಿದ. ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಅದನ್ನು ತೆಗೆದು ತನ್ನ ಬೆರಳು ಇಟ್ಟು ನೋಡಿದ. ಉಗುರಿನಿಂದ ಮುಂದೆ ಹೋಗಲಿಲ್ಲ.

“ಪುಟ್ಟಿ, ಒಂದು ತೂತು ಸಡಿಲ ಮಾಡಮ್ಮ.”

“ಗೇಜು ಹೋಯ್ತಲ್ಲ ಮಾವ?”

“ಹೋಯ್ತು.”

“ಮತ್ತೆ?”

ಅವನು ಉಬ್ಬಿದ ಚರ್ಮದ ಕಡೆ ಬೆರಳು ತೋರಿಸಿದ. ಪುಟ್ಟಿ ಕೆಟ್ಟವಳಲ್ಲ. ಬೂದಿಯ ಕುತ್ತಿಗೆ ತಟ್ಟುತ್ತ ಮೆಲ್ಲಗೆ ಹೇಳಿದಳು: “ಎಲ್ಲರೂ ಇಷ್ಟೇ ಬಿಗಿದಿದ್ದಾರೆ ಮಾವ. ನಾನೊಬ್ಬಳೇ ಸಡಿಲ ಮಾಡಿದ್ರೆ ಅಂಕ ಹೋಗೋದು ನಂದೇ. ನಿಯಮ ತಂದಿದ್ದೂ ನೀನೇ ಅಲ್ವಾ?”

ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಬೆರಳಣ್ಣ ಪಕ್ಕಕ್ಕೆ ಸರಿದ. ಬೂದಿ ಮಾತ್ರ ಕದಲಲಿಲ್ಲ. ಸಾಮಾನು ಇನ್ನೂ ಕೈಗೆ ಬಂದಿಲ್ಲವಲ್ಲ ಎಂಬಂತೆ ತಲೆ ತಗ್ಗಿಸಿಯೇ ನಿಂತಿತ್ತು. ಪುಟ್ಟಿ ಹಿಮ್ಮಡಿ ಒತ್ತಿದ ಮೇಲೆ ಹೋಯಿತು. ಕಣದಲ್ಲಿ ಬಾಯಿ ತೆರೆಯಲಿಲ್ಲ. “ಎಷ್ಟು ಶಾಂತವಾಗಿದೆ ನೋಡಿ” ಎಂದು ಅಧ್ಯಕ್ಷರು ಪಕ್ಕದವರಿಗೆ ಹೇಳಿದರು.

ಆ ಸಂಜೆ ಹೆಂಡತಿ ಅವನ ಬೆರಳುಗಳಿಗೆ ಬಿಸಿನೀರಿನ ಬಟ್ಟೆ ಸುತ್ತುತ್ತ, “ಬಿಟ್ಬಿಡಿ ಆ ಕೆಲ್ಸ” ಎಂದಳು.

“ಬಿಟ್ರೆ ಗೇಜು ಇನ್ನೊಬ್ಬರು ಹಿಡೀತಾರೆ, ಅಷ್ಟೇ.”

“ಹಿಡೀಲಿ. ನಿಮಗಾದ್ರೂ ನಿದ್ದೆ ಬರತ್ತೆ.”

“ಹಳೇ ಗಿರಾಕಿ ಕಣೇ. ಬಂದು ನೋಡ್ದಾಗ ಅಂಗಡೀಲಿ ನಾನಿಲ್ದಿದ್ರೆ?”

ಹೆಂಡತಿ ಈ ಸಲ ನಗಲಿಲ್ಲ.

ಅಧ್ಯಕ್ಷರ ಬಳಿ ಎರಡು ಸಲ ಹೋದ. ಮೊದಲ ಸಲ ಟೀ ಕೊಟ್ಟರು. ಎರಡನೆಯ ಸಲ, “ಅಳತೆ ಬೇಕು ಅಂದವರೂ ನೀವೇ, ಬೇಡ ಅನ್ನೋರೂ ನೀವೇ” ಎಂದರು.

ಸ್ಪರ್ಧೆಗಳು ಸಾಗಿದವು. ಬಾಗಿಲಲ್ಲಿ ಈಗ ಜಗಳವಿಲ್ಲ, ಸಾಲು ಸರಸರನೆ ಕರಗುತ್ತದೆ. ಮಳೆ ಕಳೆದ ಮೇಲಿನ ಸ್ಪರ್ಧೆಯಲ್ಲಿ ಬೂದಿ ಮತ್ತೆ ಬಂತು. ಬೆರಳಣ್ಣ ಗೇಜನ್ನು ಬೆನ್ನ ಹಿಂದೆ ಹಿಡಿದು ಖಾಲಿ ಕೈ ಮುಂದೆ ಚಾಚಿದ. ಅದು ತಲೆ ತಗ್ಗಿಸಲಿಲ್ಲ. ಅವನ ಹೆಗಲ ಮೇಲಿಂದ ಆಚೆ, ಏನೂ ಇಲ್ಲದ ಕಡೆ ನೋಡುತ್ತ ನಿಂತಿತು.

ಅವನು ತುದಿಗಾಲಲ್ಲಿ ನಿಂತು ಗೇಜು ತೂರಿಸಿದ. ಇಳಿಯಿತು.

“ಸರಿ ಇದೆ” ಎಂದ.